ಇಂಗಾಲ ತೆರಿಗೆಯ ಪ್ರಸ್ತಾವವನ್ನು ಓದುವುದು ಹೇಗೆ?

ಒಬ್ಬರ ವ್ಯವಹಾರದಿಂದ ಮತ್ತೊಬ್ಬರಿಗೆ ಹಾನಿಯಾದರೆ ಅದರ ವೆಚ್ಚವನ್ನು ತೆರಿಗೆಯ ಮೂಲಕ ಹಾನಿ ಮಾಡಿದವರ ಲೆಕ್ಕಕ್ಕೇ ಸೇರಿಸಬೇಕೆಂದು ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಆರ್ಥರ್ ಪಿಗು 1920ರಲ್ಲಿಯೇ ವಾದಿಸಿದ್ದರು. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಮತ್ತು ಅನಿಲ ಉರಿದಾಗ ಹೊರಬರುವ ಇಂಗಾಲದ ಡೈಆಕ್ಸೈಡಿಗೆ ಈ ತತ್ವವನ್ನು ಅನ್ವಯಿಸಿ ಫಿನ್ಲೆಂಡ್ 1990ರಲ್ಲಿ, ಸ್ವೀಡನ್ 1991ರಲ್ಲಿ ತೆರಿಗೆ ವಿಧಿಸಿದವು. ಇಷ್ಟು ಹಳೆಯ ವಿಚಾರವಾದರೂ ಹೊಸ ಪ್ರಸ್ತಾವ ಬಂದಾಗಲೆಲ್ಲ ಒಂದು ಕಡೆಯವರು ಇದರಿಂದ ಜನಸಾಮಾನ್ಯರ ಬದುಕು ದುಬಾರಿಯಾಗುತ್ತದೆ ಎನ್ನುತ್ತಾರೆ, ಇನ್ನೊಂದು ಕಡೆಯವರು ಭೂಮಿಯ ಬಿಸಿ ತಗ್ಗಿಸಲು ಇದಕ್ಕಿಂತ ಅಗ್ಗದ ದಾರಿಯಿಲ್ಲ ಎನ್ನುತ್ತಾರೆ. ಇವೆರಡರಲ್ಲಿ ಯಾವುದು ನಿಜವಾಗುತ್ತದೆ ಎಂಬುದು ಮಸೂದೆಯ ವಿವರಗಳನ್ನು ಅವಲಂಬಿಸಿದೆ. ಆ ವಿವರಗಳನ್ನು ಓದಲು ಅರ್ಥಶಾಸ್ತ್ರದ ಪದವಿ ಬೇಕಿಲ್ಲ, ಯಾವುದನ್ನು ಯಾವ ಕ್ರಮದಲ್ಲಿ ನೋಡಬೇಕೆಂದು ತಿಳಿದಿದ್ದರೆ ಸಾಕು.

ಮೊದಲು ಅಳತೆಯನ್ನು ಖಚಿತಪಡಿಸಿಕೊಳ್ಳಿ. ದರವನ್ನು ಒಂದು ಟನ್ ಇಂಗಾಲಕ್ಕೆ ಹೇಳಿದ್ದಾರೆಯೇ ಅಥವಾ ಒಂದು ಟನ್ ಇಂಗಾಲದ ಡೈಆಕ್ಸೈಡಿಗೆ ಹೇಳಿದ್ದಾರೆಯೇ ಎಂದು ನೋಡಬೇಕು, ಏಕೆಂದರೆ ಒಂದು ಟನ್ ಇಂಗಾಲ ಉರಿದರೆ ಸುಮಾರು 3.67 ಟನ್ ಡೈಆಕ್ಸೈಡ್ ಉಂಟಾಗುತ್ತದೆ. ಇದನ್ನು ಗಮನಿಸದೆ ಎರಡು ದೇಶಗಳ ದರಗಳನ್ನು ಹೋಲಿಸಿದರೆ ಲೆಕ್ಕ ಮೂರೂವರೆ ಪಟ್ಟಿಗಿಂತ ಹೆಚ್ಚು ತಪ್ಪುತ್ತದೆ.

ಎರಡನೆಯದಾಗಿ, ಟನ್ನಿನ ದರವನ್ನು ಲೀಟರಿಗೂ ವಿದ್ಯುತ್ತಿನ ಯೂನಿಟ್ಟಿಗೂ ಇಳಿಸಿಕೊಳ್ಳಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಡೈಆಕ್ಸೈಡ್ ಹೊರಬರುತ್ತದೆ. ಅಂದರೆ ಒಂದು ಟನ್ ಆಗಲು 435 ಲೀಟರಿನಷ್ಟು ಪೆಟ್ರೋಲ್ ಉರಿಯಬೇಕು. ಟನ್ನಿಗೆ 50 ಡಾಲರ್ ತೆರಿಗೆ ಎಂದಾದರೆ ಲೀಟರಿಗೆ ಬೀಳುವ ಹೊರೆ ಹನ್ನೊಂದೂವರೆ ಸೆಂಟ್. ಕಲ್ಲಿದ್ದಲಿನ ವಿದ್ಯುತ್ತಿನಲ್ಲಿ ಯೂನಿಟ್ಟಿಗೆ ಹೆಚ್ಚುಕಡಿಮೆ ಒಂದು ಕಿಲೋ ಡೈಆಕ್ಸೈಡ್ ಹೊರಬರುವುದರಿಂದ ಅದೇ ದರದಲ್ಲಿ ಐದು ಸೆಂಟ್ ಸೇರುತ್ತದೆ. ಅನಿಲದಿಂದ ತಯಾರಾದ ವಿದ್ಯುತ್ತಿಗೆ ಇದರ ಅರ್ಧದಷ್ಟೂ ಸೇರುವುದಿಲ್ಲ. ಈ ಚಿಕ್ಕ ಗಣಿತದಿಂದ ತೆರಿಗೆಯ ಪೆಟ್ಟು ನಿಜವಾಗಿ ಎಲ್ಲಿ ಬೀಳುತ್ತದೆಂಬುದು ಗೊತ್ತಾಗುತ್ತದೆ. ವಿದ್ಯುತ್ ಕಂಪನಿಗೆ ಕಲ್ಲಿದ್ದಲನ್ನು ಬಿಟ್ಟು ಬೇರೆ ಮೂಲಕ್ಕೆ ಹೋಗುವ ಅವಕಾಶವಿರುತ್ತದೆ. ಬಸ್ಸಿಲ್ಲದ ಊರಿನಿಂದ ಕೆಲಸಕ್ಕೆ ಹೋಗುವವರಿಗೆ ನಾಳೆಯೇ ವಾಹನ ಬದಲಿಸುವುದು ಸಾಧ್ಯವಿರುವುದಿಲ್ಲ.

ಅನಂತರ ವಿನಾಯಿತಿಗಳ ಪಟ್ಟಿಯನ್ನು ಓದಿ, ಅವು ಹೆಚ್ಚಾದರೆ ದರಕ್ಕೆ ಬಲವಿರುವುದಿಲ್ಲ. ಯುರೋಪಿನ ಒಕ್ಕೂಟವು 2005ರಲ್ಲಿ ಆರಂಭಿಸಿದ, ಇಂಗಾಲದ ಡೈಆಕ್ಸೈಡ್ ಹೊರಬಿಡಲು ಬೇಕಾದ ಪರವಾನಗಿಗಳನ್ನು ಉದ್ಯಮಗಳು ಕೊಂಡು ಮಾರುವ ಮಾರುಕಟ್ಟೆಯ ಮೊದಲ ಹಂತದಲ್ಲಿ ಉದ್ಯಮಗಳಿಗೆ ಬೇಕಾದುದಕ್ಕಿಂತ ಹೆಚ್ಚು ಪರವಾನಗಿಗಳನ್ನು, ಅದೂ ಬಹುಪಾಲು ಉಚಿತವಾಗಿ, ಹಂಚಿದ್ದರಿಂದ 2007ರಲ್ಲಿ ಅವುಗಳ ಬೆಲೆ ಸೊನ್ನೆಯ ಹತ್ತಿರಕ್ಕೆ ಕುಸಿಯಿತು. ನಿಯಮಗಳು ಬಿಗಿಯಾದ ಮೇಲೆ, 2023ರ ಫೆಬ್ರುವರಿಯಲ್ಲಿ ಅದೇ ಮಾರುಕಟ್ಟೆಯಲ್ಲಿ ಬೆಲೆ ಟನ್ನಿಗೆ 100 ಯುರೋ ದಾಟಿತು.

ಇನ್ನು ನಾಲ್ಕನೆಯದು, ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು: ವಸೂಲಾದ ಹಣ ಎಲ್ಲಿಗೆ ಹೋಗುತ್ತದೆ? ಶ್ರೀಮಂತ ಕುಟುಂಬ ಹೆಚ್ಚು ಇಂಧನ ಉರಿಸುವುದರಿಂದ ಮೊತ್ತದ ಲೆಕ್ಕದಲ್ಲಿ ಹೆಚ್ಚು ತೆರಿಗೆ ಕಟ್ಟುತ್ತದೆ, ಆದರೆ ಅನೇಕ ದೇಶಗಳಲ್ಲಿ ಆದಾಯದ ಪಾಲಿನ ಲೆಕ್ಕದಲ್ಲಿ ನೋಡಿದರೆ ಹೊರೆ ಬಡವರ ಮೇಲೆಯೇ ಜಾಸ್ತಿ. ವಸೂಲಾದ ಹಣವನ್ನು ತಲೆಗೆ ಇಂತಿಷ್ಟೆಂದು ಸಮನಾಗಿ ಹಂಚಿದರೆ ಈ ಅನ್ಯಾಯ ಬಹುಮಟ್ಟಿಗೆ ಸರಿಹೋಗುತ್ತದೆ. ಕಡಿಮೆ ಉರಿಸುವವರಿಗೆ ಕಟ್ಟಿದ್ದಕ್ಕಿಂತ ಹೆಚ್ಚು ವಾಪಸ್ ಬರುತ್ತದೆ. ಸ್ವಿಟ್ಜರ್ಲೆಂಡ್ 2008ರಲ್ಲಿ ಆರಂಭಿಸಿದ ಶುಲ್ಕದ ಸುಮಾರು ಮೂರನೇ ಎರಡು ಭಾಗ ಜನರಿಗೂ ಉದ್ಯಮಗಳಿಗೂ ಹಿಂತಿರುಗುತ್ತದೆ, ಜನರ ಪಾಲನ್ನು ಆರೋಗ್ಯ ವಿಮೆಯ ಕಂತಿನಲ್ಲಿ ಕಡಿತ ಮಾಡಲಾಗುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯವು ಅದೇ ವರ್ಷ ಟನ್ನಿಗೆ 10 ಡಾಲರಿನಿಂದ ಶುರು ಮಾಡಿ, ಬಂದ ಹಣವನ್ನು ಆದಾಯ ತೆರಿಗೆಯ ಇಳಿಕೆಯ ಮೂಲಕವೂ ಕಡಿಮೆ ಆದಾಯದವರಿಗೆ ನೆರವಿನ ಮೂಲಕವೂ ಹಿಂತಿರುಗಿಸಿತು. ಫ್ರಾನ್ಸಿನಲ್ಲಿ ಆದದ್ದು ಬೇರೆ. ಇಂಧನ ತೆರಿಗೆಯ ಏರಿಕೆಗೆ ತಕ್ಕ ಪರಿಹಾರ ಕಾಣದ ಜನ 2018ರ ನವೆಂಬರಿನಲ್ಲಿ ಹಳದಿ ಅಂಗಿ ತೊಟ್ಟು ಬೀದಿಗಿಳಿದರು, ಸರ್ಕಾರ ಮುಂದಿನ ಏರಿಕೆಯನ್ನು ಕೈಬಿಟ್ಟಿತು.

ಹಣ ಹಿಂತಿರುಗಿಸಿದರೆ ಸಾಲದು, ಅದು ಜನರ ಕಣ್ಣಿಗೂ ಬೀಳಬೇಕು. ಕೆನಡಾದ ಒಕ್ಕೂಟ ಸರ್ಕಾರವು 2019ರಿಂದ ಇಂಧನ ಶುಲ್ಕದ ಬಹುಪಾಲನ್ನು ಕುಟುಂಬಗಳಿಗೇ ಕೊಡುತ್ತಿತ್ತು. ಆದರೆ ಆ ಹಣ ಕೊನೆಯ ವರ್ಷಗಳಲ್ಲಿ ಮೂರು ತಿಂಗಳಿಗೊಮ್ಮೆ ಸದ್ದಿಲ್ಲದೆ ಖಾತೆಗೆ ಜಮೆಯಾಗುತ್ತಿತ್ತು, ಶುಲ್ಕ ಮಾತ್ರ ಟ್ಯಾಂಕ್ ತುಂಬಿಸುವಾಗಲೆಲ್ಲ ಜೇಬಿಗೆ ತಟ್ಟುತ್ತಿತ್ತು. ಗ್ರಾಹಕರ ಮೇಲಿನ ಆ ಶುಲ್ಕವನ್ನು 2025ರ ಏಪ್ರಿಲ್ 1ರಂದು ನಿಲ್ಲಿಸಲಾಯಿತು. ಆದ್ದರಿಂದ ಮಸೂದೆಯಲ್ಲಿ ಮರುಪಾವತಿಯ ಪ್ರಮಾಣ ಮಾತ್ರವಲ್ಲ, ಅದರ ಅವಧಿ, ವಿಧಾನ ಮತ್ತು ದೂರದ ಹಳ್ಳಿಗಳಿಗೆ ಹೆಚ್ಚುವರಿ ಪಾಲು ಇದೆಯೇ ಎಂಬುದನ್ನೂ ಹುಡುಕಿ. ಸರಾಸರಿ ಕುಟುಂಬಕ್ಕೆ ಲಾಭ ಎಂಬ ಒಂದೇ ಸಾಲಿನ ಹಿಂದೆ ನಷ್ಟ ಅನುಭವಿಸುವ ಲಕ್ಷಾಂತರ ಮನೆಗಳಿರಬಹುದು, ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ನೀತಿಯನ್ನು ನ್ಯಾಯವಾದದ್ದೆಂದು ಕರೆಯಲು ನನಗೆ ಮನಸ್ಸು ಬಾರದು.

ಐದನೆಯದಾಗಿ, ದರ ಹೇಗೆ ಹುಟ್ಟಿತೆಂದು ಕೇಳಿ. ಒಂದು ಟನ್ನಿನಿಂದಾಗುವ ಹಾನಿಯ ಬಹುಭಾಗ ಮುಂದಿನ ತಲೆಮಾರುಗಳ ಮೇಲೆ ಬೀಳುವುದರಿಂದ, ನಾಳಿನ ನಷ್ಟಕ್ಕೆ ಇಂದು ಎಷ್ಟು ಬೆಲೆ ಎಂದು ಹೇಳುವ ಡಿಸ್ಕೌಂಟ್ ದರವೇ ಲೆಕ್ಕದ ಫಲಿತಾಂಶವನ್ನು ನಿರ್ಧರಿಸುತ್ತದೆ. ನೂರು ವರ್ಷಗಳ ನಂತರದ 1000 ಡಾಲರ್ ನಷ್ಟಕ್ಕೆ ಶೇ 2ರ ದರದಲ್ಲಿ ಇಂದಿನ ಬೆಲೆ ಸುಮಾರು 138 ಡಾಲರ್, ಶೇ 3ರಲ್ಲಿ 52, ಶೇ 5ರಲ್ಲಿ ಎಂಟಕ್ಕೂ ಕಡಿಮೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2023ರಲ್ಲಿ ಶೇ 2ರ ದರದಲ್ಲಿ ಟನ್ನಿನ ಹಾನಿಯನ್ನು 190 ಡಾಲರ್ ಎಂದು ಅಂದಾಜಿಸಿತು. ಅದಕ್ಕೂ ಮುಂಚೆ ಟ್ರಂಪ್ ಅವರ ಮೊದಲ ಅವಧಿಯಲ್ಲಿ ದೇಶದೊಳಗಿನ ಹಾನಿಯನ್ನಷ್ಟೇ ಪರಿಗಣಿಸಿ, ಶೇ 3 ಮತ್ತು 7ರ ದರ ಬಳಸಿ ಹಾಕಿದ ಅಂದಾಜು ಕೆಲವೇ ಡಾಲರ್ ಆಗಿತ್ತು. ಇಲ್ಲಿ ವಿಜ್ಞಾನದ ಜೊತೆಗೆ ನೈತಿಕ ಆಯ್ಕೆಯೂ ಕೆಲಸ ಮಾಡುತ್ತದೆ, ಆ ಆಯ್ಕೆಯನ್ನು ಬಾಯಿಬಿಟ್ಟು ಹೇಳದ ವರದಿಯನ್ನು ಎಚ್ಚರಿಕೆಯಿಂದ ಓದಬೇಕು.

ಆರನೆಯದು ಗಡಿಯ ವಿಷಯ. ತನ್ನ ಉದ್ಯಮ ತೆರಿಗೆಯಿಲ್ಲದ ದೇಶಕ್ಕೆ ವಲಸೆ ಹೋಗದಂತೆ ತಡೆಯಲು ಯುರೋಪಿನ ಒಕ್ಕೂಟವು ಉಕ್ಕು, ಸಿಮೆಂಟ್, ಅಲ್ಯೂಮಿನಿಯಂ, ರಸಗೊಬ್ಬರ ಮುಂತಾದ ಆಮದುಗಳ ಮೇಲೆ 2026ರ ಜನವರಿಯಿಂದ ಇಂಗಾಲದ ವೆಚ್ಚ ಹೊರಿಸುತ್ತಿದೆ. ಇದರಿಂದ ಬರುವ ಹಣದಲ್ಲಿ ರಫ್ತು ಮಾಡುವ ಬಡ ದೇಶಗಳಿಗೂ ಪಾಲು ಸಿಗಬೇಕೆಂಬ ಬೇಡಿಕೆ ನನಗೆ ಸಮಂಜಸವಾಗಿ ಕಾಣುತ್ತದೆ.

ಕೊನೆಗೆ, ಪ್ರಸ್ತಾವ ಎಷ್ಟು ಕಾಲ ಬಾಳೀತೆಂದು ಪರೀಕ್ಷಿಸಿ. ಆಸ್ಟ್ರೇಲಿಯಾ 2012ರ ಜುಲೈನಲ್ಲಿ ಟನ್ನಿಗೆ 23 ಡಾಲರಿನಂತೆ ಜಾರಿಗೆ ತಂದ ವ್ಯವಸ್ಥೆಯನ್ನು ಸರ್ಕಾರ ಬದಲಾದ ಮೇಲೆ, 2014ರ ಜುಲೈನಲ್ಲಿ ರದ್ದುಪಡಿಸಿತು. ತೆರಿಗೆಯ ಬದಲು ಸಹಾಯಧನ ಕೊಟ್ಟರೆ ರಾಜಕೀಯವಾಗಿ ಗಟ್ಟಿ ಎಂಬ ವಾದವೂ ಪೂರ್ತಿ ನಿಲ್ಲುವುದಿಲ್ಲ, ಅಮೆರಿಕ 2022ರ ಕಾನೂನಿನಲ್ಲಿ ಶುದ್ಧ ಇಂಧನಕ್ಕೆ ಘೋಷಿಸಿದ ರಿಯಾಯಿತಿಗಳಲ್ಲಿ ಹಲವನ್ನು 2025ರಲ್ಲಿ ಮೊಟಕುಗೊಳಿಸಲಾಯಿತು. ವಿದ್ಯುತ್ ಸ್ಥಾವರವೊಂದು ಮೂರು ನಾಲ್ಕು ದಶಕ ನಡೆಯುವಂಥದ್ದು. ಅದಕ್ಕೆ ಬಂಡವಾಳ ಹೂಡುವವರು ಇಂದಿನ ದರಕ್ಕಿಂತ ಹತ್ತು ವರ್ಷಗಳ ನಂತರದ ದರವನ್ನೇ ನೋಡುತ್ತಾರೆ. ಆದ್ದರಿಂದ ಮುಂದಿನ ಏರಿಕೆಗಳ ವೇಳಾಪಟ್ಟಿ ಕಾನೂನಿನಲ್ಲಿಯೇ ಇದೆಯೇ, ಅಥವಾ ಪ್ರತಿ ಬಜೆಟ್ಟಿನಲ್ಲಿ ಸಚಿವರ ವಿವೇಚನೆಗೆ ಬಿಟ್ಟಿದ್ದಾರೆಯೇ ಎಂಬ ಅನುಚ್ಛೇದವನ್ನು ಹುಡುಕಿ ಗುರುತು ಹಾಕಿಕೊಳ್ಳಿ.