ಬಾಯೊಳಗೆ ಗಂಟು ಸಿಕ್ತಾ? ಮೊದಲು ಟಾರ್ಚ್ ಹಾಕಿ ನೋಡಿ

ಊಟ ಮಾಡುವಾಗ ನಾಲಿಗೆಗೆ ಏನೋ ಗಂಟು ತಾಗುತ್ತೆ, ಆಮೇಲೆ ಇಡೀ ದಿನ ನಾಲಿಗೆ ಅಲ್ಲಿಗೇ ಹೋಗ್ತಿರುತ್ತೆ. ಅದನ್ನ ಹಿಸುಕೋದು, ಸೂಜೀಲಿ ಚುಚ್ಚೋದು ಮಾತ್ರ ಬೇಡ. ಕೈ ತೊಳ್ಕೊಂಡು ಕನ್ನಡಿ ಮುಂದೆ ನಿಂತು, ಮೊಬೈಲ್ ಟಾರ್ಚ್ ಹಾಕಿ ತುಟಿ ಒಳಗೆ, ಕೆನ್ನೆ, ವಸಡು, ನಾಲಿಗೆಯ ಎರಡೂ ಅಂಚು, ನಾಲಿಗೆ ಕೆಳಗೆ, ಅಂಗುಳ ಎಲ್ಲಾ ನೋಡಿ, ಒಂದು ಫೋಟೋ ತೆಗೆದು ತಾರೀಖು ಬರೆದಿಟ್ಕೊಳ್ಳಿ.

ಆಮೇಲೆ ಗಂಟು ಎಲ್ಲಿದೆ, ಹೇಗಿದೆ ಅಂತ ಗಮನಿಸಿ. ಕೆಳತುಟಿ ಒಳಗೆ ನೀರು ತುಂಬಿದ ಹಾಗೆ ಮೆತ್ತಗೆ, ಸ್ವಲ್ಪ ನೀಲಿಯಾಗಿದ್ರೆ ಬಹುಶಃ ಮ್ಯೂಕೋಸೀಲ್, ತುಟಿ ಕಚ್ಕೊಂಡಾಗ ಸಣ್ಣ ಜೊಲ್ಲು ನಾಳ ಒಡೆದು ಜೊಲ್ಲು ಒಳಗೇ ನಿಂತಿರುತ್ತೆ, ಒಡೆಯುತ್ತೆ, ಮತ್ತೆ ತುಂಬುತ್ತೆ, ಹಾಗೇ ಮುಂದುವರೆದ್ರೆ ಮರಗಟ್ಟೋ ಇಂಜೆಕ್ಷನ್ ಕೊಟ್ಟು ಗ್ರಂಥಿ ಸಮೇತ ತೆಗೀತಾರೆ. ಕೆನ್ನೆಯಲ್ಲಿ ಪದೇ ಪದೇ ಹಲ್ಲು ತಾಗೋ ಜಾಗದ ಗಟ್ಟಿ ಗಂಟು ಫೈಬ್ರೋಮಾ, ಅಂದ್ರೆ ಕ್ಯಾನ್ಸರ್ ಅಲ್ಲದ ನಾರಿನಂಥ ಗಂಟು ಇರಬಹುದು. ವಸಡಿನ ಮೇಲೆ ಕೀವಿನ ಗುಳ್ಳೆ ಎದ್ದಿದ್ರೆ ಮೂಲ ಹೆಚ್ಚಾಗಿ ಪಕ್ಕದ ಹುಳುಕು ಹಲ್ಲಲ್ಲಿರುತ್ತೆ, ಬರೀ ಮಾತ್ರೆ ನುಂಗಿದ್ರೆ ನಾಲ್ಕು ದಿನ ಇಳಿದು ಮತ್ತೆ ಬರುತ್ತೆ, ರೂಟ್ ಕೆನಾಲ್ ಮಾಡಿಸ್ಬೇಕು ಇಲ್ಲಾ ಹಲ್ಲು ಕೀಳಿಸ್ಬೇಕು. ಊಟಕ್ಕೆ ಕೂತಾಗಲೇ ದವಡೆ ಕೆಳಗೆ ಊದ್ಕೊಂಡ್ರೆ ಜೊಲ್ಲು ನಾಳದಲ್ಲಿ ಕಲ್ಲಿದೆಯಾ ಅಂತ ನೋಡಿಸ್ಬೇಕು. ಅಂಗುಳದ ಮಧ್ಯೆ ವರ್ಷಗಟ್ಟಲೆ ಹಾಗೇ ಇರೋ ಗಟ್ಟಿ ಉಬ್ಬು ಮೂಳೆ ಅಷ್ಟೇ, ಸಾಮಾನ್ಯವಾಗಿ ಏನೂ ಮಾಡಬೇಕಿಲ್ಲ.

ಬರೀ ಬಾಯಿಹುಣ್ಣು ಅನ್ಸಿದ್ರೆ ಉಪ್ಪುನೀರು ಮುಕ್ಕಳಿಸಿ, ಖಾರ ಬಿಟ್ಟು ಎರಡು ವಾರ ನೋಡಿ. ಅಷ್ಟರಲ್ಲಿ ಹೋಗ್ಲಿಲ್ವಾ, ಇನ್ನು ಕಾಯ್ಬೇಡಿ. ನೋವಿಲ್ವಲ್ಲ ಅಂತ ಸುಮ್ನಿರೋರನ್ನ ಕಂಡ್ರೆ ನನಗೆ ಭಯ ಆಗುತ್ತೆ, ಯಾಕಂದ್ರೆ ಬಾಯಿ ಕ್ಯಾನ್ಸರ್ ಶುರುವಲ್ಲಿ ಎಷ್ಟೋ ಸಲ ನೋಯೋದೇ ಇಲ್ಲ. ಬಿಳಿ ಇಲ್ಲಾ ಕೆಂಪು ಮಚ್ಚೆ, ರಕ್ತ, ಕತ್ತಲ್ಲಿ ಗಂಟು, ಬಾಯಿ ಪೂರ್ತಿ ತೆರೆಯಕ್ಕಾಗ್ದೆ ಇರೋದು, ಇದ್ರಲ್ಲಿ ಒಂದು ಇದ್ರೂ ಎರಡು ವಾರದ ಲೆಕ್ಕ ಬಿಟ್ಟು ಬೇಗ ಹೋಗಿ. ತಂಬಾಕು ಹಾಕಲ್ಲ, ಬರೀ ಅಡಿಕೆ ತಾನೇ ಅನ್ನೋರೂ ಕೇಳಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನ ಕ್ಯಾನ್ಸರ್ ತರೋ ಪದಾರ್ಥಗಳ ಪಟ್ಟಿಗೆ ಸೇರಿಸಿದೆ. ಇನ್ನು ನಾಲಿಗೆ ಕೆಳಗೆ ಊದ್ಕೊಂಡು, ಜ್ವರ ಬಂದು, ನುಂಗಕ್ಕೆ ಉಸಿರಾಡಕ್ಕೆ ಕಷ್ಟ ಆದ್ರೆ ಅದು ರಾತ್ರೋರಾತ್ರಿ ಎಮರ್ಜೆನ್ಸಿಗೆ ಓಡಬೇಕಾದ ವಿಷಯ.

ಬೆಂಗಳೂರಲ್ಲಿ ಮೊದಲು ಹತ್ತಿರದ ಡೆಂಟಿಸ್ಟ್ ಸಾಕು, ಇಲ್ಲಾಂದ್ರೆ ಕೆ.ಆರ್. ಮಾರ್ಕೆಟ್ ಹತ್ರ ವಿಕ್ಟೋರಿಯಾ ಆಸ್ಪತ್ರೆ ಪಕ್ಕದ ಸರ್ಕಾರಿ ದಂತ ಕಾಲೇಜಿದೆ, ಕ್ಯಾನ್ಸರ್ ಅನುಮಾನ ಇದ್ರೆ ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕಳಿಸ್ತಾರೆ. ಬಯಾಪ್ಸಿ ಅಂದ್ರೆ ಒಂದು ಸಣ್ಣ ಚೂರು ತೆಗೆದು ಲ್ಯಾಬಿಗೆ ಕಳಿಸೋದು, ಚೂರು ತೆಗೆದ್ರೆ ಹರಡುತ್ತೆ ಅಂತ ಮನೇಲಿ ಯಾರಾದ್ರೂ ಹೇಳಿದ್ರೆ ನಂಬಿ ವಾಪಸ್ ಬರಬೇಡಿ. ಹೋಗುವಾಗ ಆ ಫೋಟೋ, ತಾರೀಖು ಇಟ್ಕೊಳ್ಳಿ, ರಕ್ತ ತೆಳು ಮಾಡೋ ಮಾತ್ರೆ ತಗೋತಿದ್ರೆ, ಶುಗರ್ ಇದ್ರೆ, ಎಲೆಅಡಿಕೆ ಅಭ್ಯಾಸ ಇದ್ರೆ ಡಾಕ್ಟರ್ ಕೇಳೋಕೆ ಮುಂಚೆನೇ ಹೇಳಿ.