ಬೋಟ್ ಎರಡು ತಿಂಗಳು ನಿಲ್ಲುವ ಮುಂಚೆ ಡೀಸೆಲ್ ಟ್ಯಾಂಕ್ ನೋಡಿಕೊಳ್ಳುವುದು

ಕಾರವಾರದ ಬೈತಖೋಲ್ ಬಂದರಿನಲ್ಲಿ ಬೋಟ್ ಇಂಜಿನ್ ರಿಪೇರಿ ನನ್ನ ಕೆಲಸ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ಬಂದ್. ಆಗಸ್ಟ್ ಬಂತೆಂದರೆ ನನಗೆ ಊಟಕ್ಕೂ ಪುರುಸೊತ್ತಿಲ್ಲ. ಮೊದಲ ಟ್ರಿಪ್ಪಿಗೆ ಹೊರಟ ಬೋಟು ಬಂದರು ದಾಟುವ ಮುಂಚೆಯೇ ಕೆಮ್ಮಿ ನಿಲ್ಲುತ್ತದೆ. ಫಿಲ್ಟರ್ ಬಿಚ್ಚಿದರೆ ಹಲಸಿನ ಮೇಣದಂಥ ಅಂಟು. ತಾಂಡೇಲರು, ಅಂದರೆ ಬೋಟ್ ನಡೆಸುವವರು, ಬಂಕಿನವರಿಗೆ ಬಯ್ಯುತ್ತಾರೆ. ನಾನು ಟ್ಯಾಂಕಿನ ತಳ ತೋರಿಸುತ್ತೇನೆ.

ಈ ಅಂಟು ಹುಟ್ಟುವುದು ಹೀಗೆ. ಡೀಸೆಲ್ ತಯಾರಾಗುವ ಕಚ್ಚಾ ತೈಲದಲ್ಲೇ ನೈಟ್ರೋಜನ್ ಸೇರಿದ ಕೆಲವು ವಸ್ತುಗಳಿರುತ್ತವೆ. ಪೈರೋಲ್, ಇಂಡೋಲ್ ಅಂತ ಹೆಸರು. (ಗಾಳಿಯಲ್ಲಿರುವ ನೈಟ್ರೋಜನ್ ಬೇರೆ, ಅದು ಪಾಪದ್ದು.) ಶುದ್ಧ ಮಾಡಿದ ಮೇಲೂ ಚೂರು ಉಳಿಯುತ್ತವೆ. ಆಕ್ಸಿಜನ್ ತಾಗಿದರೆ ಇವು ಒಂದಕ್ಕೊಂದು ಕೊಂಡಿ ಹಾಕಿಕೊಂಡು ದಪ್ಪವಾಗುತ್ತವೆ. ಮೊದಲು ಡೀಸೆಲ್ ಕಷಾಯದ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಗಸಿ ತಳಕ್ಕೆ ಕೂರುತ್ತದೆ. ಗಂಧಕದಿಂದ ಹುಟ್ಟಿದ ಆಮ್ಲ ಇದ್ದರೆ ಇನ್ನೂ ಬೇಗ. 2020ರ ಏಪ್ರಿಲ್‌ನಲ್ಲಿ ಬಂದ ಬಿಎಸ್-6 ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 10 ಪಾಲು) ಮೀರುವಂತಿಲ್ಲ. ಅದನ್ನು ತೆಗೆಯಲು ಹೈಡ್ರೋಜನ್ ಹಾಯಿಸುವಾಗ ನೈಟ್ರೋಜನ್ ಕೂಡ ಕಡಿಮೆಯಾಗುತ್ತದೆ. ಹಾಗಾಗಿ ಹೊಸ ಡೀಸೆಲ್ ಎರಡು ತಿಂಗಳಿಗೆಲ್ಲ ಸುಮ್ನೆ ಕೆಡುವುದಿಲ್ಲ. ಕೆಡುವುದು ತಳದಲ್ಲಿ ವರ್ಷಗಟ್ಟಲೆ ಉಳಿದ ಹಳೇದು. ಅದರ ಮೇಲೆ ಹೊಸದು ಸುರಿದರೆ ಹಾಲಿಗೆ ಹೆಪ್ಪು ಹಾಕಿದ ಹಾಗೆ, ಅಲ್ವಾ?

ಮೇ ಕೊನೆಯ ವಾರ ತಳದ ಡ್ರೇನ್ ಬಿಚ್ಚಿ ಒಂದು ಗಾಜಿನ ಬಾಟಲಿ ತುಂಬ ಹಿಡಿಯಿರಿ. ಬೀಡಿ ದೂರ ಇರಲಿ. ರಾತ್ರಿಯಿಡೀ ಅಲುಗಾಡಿಸದೆ ಇಟ್ಟು ಬೆಳಿಗ್ಗೆ ಬೆಳಕಿಗೆ ಹಿಡಿದು ನೋಡಿ. ನೀರು ತಳದಲ್ಲಿ ಬೇರೆಯಾಗಿರುತ್ತದೆ. ನೀರಿಗೂ ಡೀಸೆಲ್‌ಗೂ ನಡುವೆ ಲೋಳೆ ಇದ್ದರೆ ಅದು ಸೂಕ್ಷ್ಮಜೀವಿಗಳ ಕೆಲಸ, ಬೇರೆ ರೋಗ. ಇನ್ನು ಬಿಳಿ ಬಟ್ಟೆಯಲ್ಲಿ ಸೋಸಿ. ಕಂದು ಅಂಟು ಉಳಿದರೆ ನಾನು ಹೇಳುವ ಗಸಿ ಅದೇ ಇರಬೇಕು. ಬಣ್ಣ ಮಾತ್ರ ಕಪ್ಪಾಗಿ, ಗಸಿ ಇಲ್ಲದಿದ್ದರೆ ಗಾಬರಿ ಬೇಡ.

ಗಸಿ ಕಂಡರೆ ತಳದ್ದೆಲ್ಲ ಇಳಿಸಿ ಟ್ಯಾಂಕ್ ಒರೆಸಿ. ಆಮೇಲೆ ಹೊಸದು ಹಾಕಿ, ಹಿಗ್ಗಲು ಸ್ವಲ್ಪ ಜಾಗ ಬಿಟ್ಟು ತುಂಬಿಸಿ. ಅರ್ಧ ಟ್ಯಾಂಕ್ ಅಂದರೆ ಅರ್ಧ ಗಾಳಿ, ಮಳೆಗಾಲದ ತೇವ ಬೇರೆ.

ತಾಮ್ರದ ಪೈಪು, ಹಿತ್ತಾಳೆ ನಲ್ಲಿ ಇದ್ದರೆ ಬದಲಾಯಿಸಿ. ತಾಮ್ರ ತಾಗಿದರೆ ಡೀಸೆಲ್ ಬೇಗ ಹಾಳಾಗುತ್ತದೆ. ಇದು ಗೊತ್ತಿಲ್ಲದೆ ನಾನೇ ಒಬ್ಬರ ಬೋಟಿಗೆ ಚಂದ ಕಾಣಲಿ ಅಂತ ತಾಮ್ರದ ಪೈಪು ಹಾಕಿದ್ದೆ. ಮುಂದಿನ ವರ್ಷ ನನ್ನದೇ ಖರ್ಚಿನಲ್ಲಿ ಸ್ಟೀಲಿನದು ಹಾಕಿಕೊಟ್ಟೆ.

ಕೆಡದಂತೆ ತಡೆಯುವ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಹೊಸ ಡೀಸೆಲ್‌ಗೆ ಹಾಕಿದರೆ ಉಪಯೋಗ. ಗಸಿ ಆದ ಮೇಲೆ ಹಾಕಿದರೆ ದುಡ್ಡು ದಂಡ. ತಮಾಷೆ ಅಂದರೆ ಅಂಥ ಕೆಲವು ಔಷಧಿಗಳಲ್ಲೂ ನೈಟ್ರೋಜನ್ ಇದೆ. ಆ ಬಗೆಯ ವಸ್ತುವಿಗೆ ಅಮೀನ್ ಅಂತ ಹೆಸರು.

ಇಳಿಸಿದ ಗಸಿಯನ್ನು ಬಂದರಿನ ನೀರಿಗೆ ಚೆಲ್ಲಬೇಡಿ. ಡಬ್ಬದಲ್ಲಿ ಹಾಕಿ ಹಳೆ ಆಯಿಲ್ ಒಯ್ಯುವವರಿಗೆ ಕೊಡಿ. ಆಗಸ್ಟ್‌ನಲ್ಲಿ ಹೊರಡುವಾಗ ಎರಡು ಹೊಸ ಫಿಲ್ಟರ್ ಬೋಟಿನಲ್ಲೇ ಇರಲಿ.