ಫೈಬರ್ ಕೇಬಲ್‌ಗೂ ಅರ್ಥಿಂಗ್ ಬೇಕು: ಅಡಿಕೆ ತೋಟದ ಲೈನಿನಲ್ಲಿ ನನ್ನ ಅನುಭವ

ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ಹಾಗಿರುವಾಗ ಫೈಬರ್‌ಗೆ ಅರ್ಥಿಂಗ್ ಮಾಡಿ ದುಡ್ಡನ್ನು ಮಣ್ಣಿಗೆ ಹಾಕುವುದೇಕೆ ಎಂದು ತೀರ್ಥಹಳ್ಳಿ, ಕೊಪ್ಪ ಕಡೆಯ ಕೇಬಲ್ ಟಿವಿ, ಇಂಟರ್ನೆಟ್ ಆಪರೇಟರ್ ಮಿತ್ರರು ನನ್ನನ್ನು ಹಾಸ್ಯ ಮಾಡಿದ್ದುಂಟು. ಎಳೆ ಗಾಜಿನದೇ, ಒಪ್ಪೋಣ. ಆದರೆ ಆರ್ಮರ್ಡ್ ಕೇಬಲಿನ ಉಕ್ಕಿನ ಪಟ್ಟಿ, ಅದನ್ನು ತೂಗುಹಾಕುವ ತಂತಿ, ಮನೆಗೆ ಇಳಿಯುವ ಡ್ರಾಪ್ ಕೇಬಲಿನ ಎರಡೂ ಬದಿಯ ಸಣ್ಣ ಸ್ಟೀಲ್ ಎಳೆಗಳು ಸಿಡಿಲಿಗೆ ಸಿದ್ಧವಾದ ದಾರಿಗಳು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಒಂದೇ ರಾತ್ರಿಯಲ್ಲಿ ಮೂವತ್ತು, ನಲವತ್ತು ಓಎನ್‌ಯು (ಮನೆಯಲ್ಲಿಡುವ ಫೈಬರ್ ಪೆಟ್ಟಿಗೆ) ಸುಟ್ಟದ್ದಿದೆ. ಒಂದಕ್ಕೆ 1,200 ರೂಪಾಯಿ ಹಿಡಿದರೂ ನಲವತ್ತು ಸಾವಿರದ ಆಸುಪಾಸು ಆಯಿತು. ಮೇಲಿಂದ ಒಮ್ಮೆ ಆ ಪೆಟ್ಟಿಗೆಗಳಿಗೆಲ್ಲ ಸಿಗ್ನಲ್ ಕಳಿಸುವ, ಕಂಟ್ರೋಲ್ ರೂಮಿನ ಓಎಲ್‌ಟಿಯೂ ಹೋಗಿ ಇನ್ನೊಂದು ಐವತ್ತು ಸಾವಿರ ಕೈಬಿಟ್ಟಿತು.

ಮೊದಲು ಮಾಡಿಸಿದ್ದು ಎಲ್ಲರೂ ಮಾಡುವ ಇದ್ದಿಲು, ಉಪ್ಪಿನ ಗುಂಡಿಗಳನ್ನು. ಜುಲೈಯಲ್ಲಿ ಅಳೆದರೆ ನಾಲ್ಕೈದು ಓಮ್ (ಕಡಿಮೆಯಿದ್ದಷ್ಟೂ ಒಳ್ಳೆಯದು) ತೋರಿಸುತ್ತಿದ್ದ ಗುಂಡಿ ಮಾರ್ಚ್ ಕೊನೆಗೆ ಮೂವತ್ತು ದಾಟುತ್ತಿತ್ತು. ನಮ್ಮ ಜಂಬಿಟ್ಟಿಗೆ ನೆಲ ಒಣಗಿ ನಿಂತಿರುವ ಹೊತ್ತಿಗೇ ಸಿಡಿಲು ಬರುವುದರಿಂದ ಮಳೆಗಾಲದ ಅಳತೆಯನ್ನು ನಂಬಿ ಪ್ರಯೋಜನವಿಲ್ಲ. ಈಗ ಗುಂಡಿಯನ್ನು ಸ್ಪ್ರಿಂಕ್ಲರ್ ನೀರು ಬೀಳುವಲ್ಲಿ ಅಥವಾ ತೋಟದ ಬಸಿಗಾಲುವೆಯ ಪಕ್ಕ ತೆಗೆಸುತ್ತೇನೆ; ಅದರಲ್ಲಿ ತುಂಬುವ ಬೆಂಟೋನೈಟ್ ಎಂಬ ತೇವ ಹಿಡಿಯುವ ಜೇಡಿಯ ಜೊತೆ ಬೆರೆಸುವ ಇನ್ನೊಂದು ವಸ್ತು ನನ್ನಲ್ಲೇ ಇರಲಿ. ಒಬ್ಬ ಹಿರಿಯ ಲೈನ್‌ಮನ್ ಹೇಳಿದಂತೆ ಕೇಬಲಿನ ಇನ್ನೊಂದು ತುದಿಯನ್ನು ಪಂಪ್‌ಸೆಟ್ಟಿನ ಅರ್ಥಿಗೆ ಸೇರಿಸಿ ನೋಡಿದ್ದೂ ಫಲ ಕೊಡಲಿಲ್ಲ. ಎರಡು ಅರ್ಥಿಗಳ ನಡುವೆ ವೋಲ್ಟೇಜ್ ವ್ಯತ್ಯಾಸವಿದ್ದುದರಿಂದ ಮೋಟರ್ ದೋಷದ ಕರೆಂಟೂ ನಮ್ಮ ಆರ್ಮರ್ ಮೇಲೆಯೇ ಓಡಾಡತೊಡಗಿತು.

ಕೊನೆಗೆ ಕೈಹಿಡಿದ ಕ್ರಮ ಸರಳವಾಗಿದೆ. ನೆಲದಡಿಯ ಆರ್ಮರ್ಡ್ ಕೇಬಲಿನ ಪಟ್ಟಿಯನ್ನು ಪ್ರತಿ ಜಾಯಿಂಟ್ ಬಾಕ್ಸಿನಲ್ಲೂ ಕ್ಲ್ಯಾಂಪ್ ಹಾಕಿ ಒಂದಕ್ಕೊಂದು ಜೋಡಿಸಿ, ನಮ್ಮದೇ ಗುಂಡಿಗೆ ಇಳಿಸಿ, ಕಂಟ್ರೋಲ್ ರೂಮಿನ ಹೊರಗೋಡೆಯಲ್ಲೇ ಆರ್ಮರನ್ನು ಕತ್ತರಿಸಿ ಅರ್ಥ್ ಬಾರಿಗೆ ಬಿಗಿದು, ಅಲ್ಲಿಂದ ರ‍್ಯಾಕಿಗೆ ಲೋಹವೇ ಇಲ್ಲದ ಕೇಬಲ್ ಎಳೆದೆ. ಮನೆಗಳ ಡ್ರಾಪ್ ಎಲ್ಲವನ್ನೂ ಉಕ್ಕಿನ ಬದಲು ಎಫ್‌ಆರ್‌ಪಿ (ನಾರು ಬೆರೆತ ಪ್ಲಾಸ್ಟಿಕ್) ಕಡ್ಡಿಯದಕ್ಕೆ ಬದಲಿಸಿದೆ. ಮೀಟರಿಗೆ ಒಂದೆರಡು ರೂಪಾಯಿ ಹೆಚ್ಚು ಬಿತ್ತು. ಕ್ಲ್ಯಾಂಪ್ ಹಾಕುವಾಗ ಒಂದು ಸಂಗತಿಯನ್ನು ಮರೆಯಬಾರದು. ಸುಕ್ಕುಸುಕ್ಕಾದ ಆ ಉಕ್ಕಿನ ಪಟ್ಟಿಯ ಮೇಲೆ ತೆಳುವಾದ ಪ್ಲಾಸ್ಟಿಕ್ ಲೇಪನ ಇರುತ್ತದೆ. ಅದನ್ನು ಬ್ಲೇಡಿನಿಂದ ಹೊಳಪು ಕಾಣುವ ತನಕ ಕೆರೆಯದಿದ್ದರೆ ಕ್ಲ್ಯಾಂಪ್ ಎಷ್ಟು ಬಿಗಿಯಿದ್ದರೂ ಮಲ್ಟಿಮೀಟರ್ ಬೀಪ್ ಎನ್ನುವುದಿಲ್ಲ.

ಒಟ್ಟು ಒಂದೂವರೆ ಲಕ್ಷದಷ್ಟು ಖರ್ಚಾಗಿ, ಎರಡು ಬೇಸಿಗೆಯಲ್ಲಿ ಆ ಹಣ ಹುಟ್ಟಿತು. ಕಳೆದ ಬೇಸಿಗೆಯಲ್ಲಿ ಹೋದದ್ದು ನಾಲ್ಕೈದು ಓಎನ್‌ಯು ಮಾತ್ರ, ಅವೂ ಕರೆಂಟಿನ ಅಡಾಪ್ಟರ್ ಕಡೆಯಿಂದ ಸುಟ್ಟವು. ಅಂದು ನಕ್ಕವರಲ್ಲಿ ಇಬ್ಬರಿಗೆ ಈಗ ನಾನೇ ಗುಂಡಿ ಮಾಡಿಕೊಡುತ್ತಿದ್ದೇನೆ, ಪುಕ್ಕಟೆಯಾಗಿ ಅಲ್ಲ.

ಲೋಹ ತೆಗೆದದ್ದಕ್ಕೆ ದಂಡ ಕಟ್ಟಿಸಿಕೊಂಡದ್ದು ಅಳಿಲು. ಎಫ್‌ಆರ್‌ಪಿ ಕೇಬಲನ್ನು ಅದು ಸಲೀಸಾಗಿ ಕಡಿಯುತ್ತದೆ. ಬೇವಿನೆಣ್ಣೆ, ಮೆಣಸಿನ ಪುಡಿಯ ಗಂಜಿ ಬಳಿದು ನೋಡಿದೆ; ಒಂದು ಮಳೆಗೆ ಎಲ್ಲ ತೊಳೆದುಹೋಯಿತು. ಹಳೆಯ ಡ್ರಿಪ್ ಪೈಪನ್ನು ಉದ್ದಕ್ಕೆ ಸೀಳಿ ಮರದ ಹತ್ತಿರದ ಭಾಗಕ್ಕೆ ತೊಡಿಸಿದ ಮೇಲೆ ಕಡಿತ ಅರ್ಧಕ್ಕಿಳಿದಿದೆ.

ಅಡಿಕೆ ಮರಕ್ಕೆ ಕಟ್ಟಿದ ಕೇಬಲ್ ಗಾಳಿಗೆ ತೂಗಿ ಬಾಗುವುದು ಬೇರೆಯೇ ತಲೆನೋವು. ನಮ್ಮಲ್ಲಿ ಟಿವಿ 1550 ನ್ಯಾನೋಮೀಟರ್ ತರಂಗದ ಬೆಳಕಿನಲ್ಲಿ, ಇಂಟರ್ನೆಟ್ 1490 ಮತ್ತು 1310ರಲ್ಲಿ ಒಂದೇ ಎಳೆಯ ಮೇಲೆ ಹೋಗುತ್ತವೆ. ಇಂಟರ್ನೆಟ್ ಸರಿಯಿದ್ದು ಟಿವಿ ಚಿತ್ರ ಮಾತ್ರ ಒಡೆಯುತ್ತಿದ್ದರೆ ಸ್ಪ್ಲೈಸ್ (ಎಳೆ ಬೆಸೆದ ಜಾಗ) ಬಿಚ್ಚುವ ಮೊದಲು ಬಾಗಿದ ಜಾಗವನ್ನು ಹುಡುಕುತ್ತೇನೆ, ಏಕೆಂದರೆ ಬಾಗಿದಲ್ಲಿ ಉದ್ದ ತರಂಗದ ಬೆಳಕೇ ಮೊದಲು ಸೋರುತ್ತದೆ. ಎಳೆಯೊಳಗೆ ಬೆಳಕು ಬಿಟ್ಟು ನಷ್ಟವನ್ನೂ ಅದರ ದೂರವನ್ನೂ ತೋರಿಸುವ ಓಟಿಡಿಆರ್ ಯಂತ್ರದಲ್ಲಿ 1310ಕ್ಕೆ ಅಷ್ಟಾಗಿ ಕಾಣದೆ 1550ಕ್ಕೆ ಒಂದು ಡಿಬಿ (ಬೆಳಕಿನ ನಷ್ಟದ ಅಳತೆ) ಮೆಟ್ಟಿಲು ಬಿದ್ದರೆ ಅದು ಬಾಗು. ಎರಡರಲ್ಲೂ ಸಮನಾಗಿ ಬಿದ್ದರೆ ಸ್ಪ್ಲೈಸಿನ ದೋಷ.

ಓಟಿಡಿಆರ್ ತೋರಿಸುವ ದೂರವನ್ನು ಬೈಕಿನ ಮೀಟರಿನಲ್ಲಿ ಹುಡುಕಹೊರಟರೆ ಸಿಗದು, ಸುರುಳಿ ಸುತ್ತಿ ಬಿಟ್ಟ ಉದ್ದವೂ ಅದರಲ್ಲಿ ಸೇರಿರುತ್ತದೆ. ಹಾಗಾಗಿ ಪ್ರತಿ ಜಾಯಿಂಟಿನಲ್ಲಿ ಕೇಬಲಿನ ಮೈಮೇಲೆ ಮುದ್ರಿಸಿರುವ ಮೀಟರ್ ಸಂಖ್ಯೆಯನ್ನೂ ಒಳಗೆ ಸುತ್ತಿಟ್ಟ ಫೈಬರಿನ ಉದ್ದವನ್ನೂ ಬರೆದಿಡುತ್ತೇನೆ. ಆ ಲೆಕ್ಕದಿಂದ ಹೊರಟರೆ ದೋಷ ಹೆಚ್ಚೆಂದರೆ ಮೂರು ಮರಗಳ ಅಂತರದೊಳಗೆ ಸಿಗುತ್ತದೆ.